ಹೇಳಬಾರದ ಹೆಸರು, ತಡೆಯಲಾರದ ಕೆಮ್ಮು

ಈ ಕತೆಯನ್ನು ಹೇಳಲು ನನಗಿಂತ ತಕ್ಕವರು ಸಾನ್ ಪ್ಲಾಸಿಡೊ ಪಟ್ಟಣದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರಾದರೂ ಸರಿಯಾಗಿ ಹೇಳಿಯಾರು ಎಂದು ಇಷ್ಟು ವರ್ಷ ಕಾದೆ. ಅವರು ಹೇಳುವುದೆಲ್ಲ ಅರ್ಧ ಕತೆ, ಅದೂ ನಗುವುದಕ್ಕೆ ಬೇಕಾದ ಅರ್ಧ. ಉಳಿದರ್ಧ ನನಗೆ ಸಿಕ್ಕಿದ್ದು, ಮುದುಕನಾದ ಮೇಲೆ ಬಾಯಿಬಿಟ್ಟ ಒಬ್ಬ ದಫೇದಾರನಿಂದ. ಆ ದಿನ ಚೌಕದಲ್ಲಿ ನಿಂತು ಕೆಮ್ಮಿದವರಲ್ಲಿ ನಾನೂ ಒಬ್ಬ ಎಂಬುದು ಬಿಟ್ಟರೆ ನನಗೆ ಬೇರೆ ಅರ್ಹತೆಯಿಲ್ಲ. ತಪ್ಪಿದ್ದರೆ ಕ್ಷಮಿಸಬೇಕು.

ಎಲ್ಲಕ್ಕೂ ಮೂಲ ಒಂದು ತಕ್ಕಡಿ. ಪಟ್ಟಣದ ಮುಖ್ಯಾಧಿಕಾರಿ ಡಾನ್ ಎವಾರಿಸ್ಟೊ ಲಂಡಸೂರಿ ಆಗಸ್ಟ್ ತಿಂಗಳ ಒಂದು ಸಂತೆಯ ದಿನ ತಕ್ಕಡಿ ಹೊರಿಸಿಕೊಂಡು ರೊಟ್ಟಿಗಳ ತೂಕ ಪರೀಕ್ಷಿಸಲು ಹೊರಟರು. ಚೌಕದ ಮೂಲೆಯಲ್ಲಿ ಒಲೆ ಹಾಕಿಕೊಂಡಿದ್ದ ವಿಧವೆ ರೋಸಾ ತಮಾಯೊಳ ಬುಟ್ಟಿಯ ಮುಂದೆ ನಿಂತರು. ಆಕೆ ರೊಟ್ಟಿ ತೂಗಿ ತೋರಿಸಿದಳು. ತೂಕ ಸರಿಯಾಗಿತ್ತು. ಅಲ್ಲಿಗೆ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಡಾನ್ ಎವಾರಿಸ್ಟೊ ಇನ್ನೊಂದು ರೊಟ್ಟಿ ತೂಗು ಎಂದರು, ಆಮೇಲೆ ಮತ್ತೊಂದು.

ಮೂರನೆಯದನ್ನೂ ತೂಗಿ ರೋಸಾ ಕೈಯ ಹಿಟ್ಟು ಕೊಡವಿಕೊಂಡಳು. "ಸ್ವಾಮಿ, ನೀವು ಈ ಊರಿಗೆ ಬಂದಾಗ ಸರ್ಕಾರಿ ಕುದುರೆ ನಿಮ್ಮನ್ನ ಹೊತ್ಕೊಂಡು ಓಡ್ತಿತ್ತು. ಈಗ ನಡೆಯೋಕೂ ಒಪ್ಪಲ್ಲ. ಕಡಿಮೆ ತೂಕದ ರೊಟ್ಟಿ ತಿಂದೇ ಇಷ್ಟು ಬೆಳೆದ್ರಾ?"

ಸಂತೆಗೆ ಸಂತೆಯೇ ನಕ್ಕಿತು. ಕುದುರೆಯೂ ಮೂತಿ ಅಲ್ಲಾಡಿಸಿತೆಂದು ಹೇಳುವವರಿದ್ದಾರೆ. ಮಾರನೆಯ ದಿನ ಪುರಭವನದ ಬಾಗಿಲಿಗೆ ಒಂದು ಆಜ್ಞೆ ಅಂಟಿತು: ಮುಂದಿನ ಆಜ್ಞೆಯವರೆಗೆ ರೋಸಾ ತಮಾಯೊ ಎಂಬ ಹೆಸರನ್ನು ಯಾವ ಸಾರ್ವಜನಿಕ ಜಾಗದಲ್ಲೂ ಯಾರೂ ಎತ್ತಕೂಡದು. ಆ ಆಜ್ಞೆಯಲ್ಲಿ ಹೆಸರು ಬರೆದಿದ್ದರಿಂದ ಆಜ್ಞೆಯೇ ಆಜ್ಞೆಯನ್ನು ಮುರಿಯಿತೆಂದು ಯಾರೋ ಹೇಳಿದರು. ಸಂಜೆಯೊಳಗೆ ಆ ಹಾಳೆಯನ್ನು ಕಿತ್ತರು, ಆಜ್ಞೆ ಉಳಿಯಿತು. ಜನ ಮೂಲೆಯ ಒಲೆಗೆ ಹೋಗಿ ರೊಟ್ಟಿ ತರುವುದು ಮಾತ್ರ ಇಮ್ಮಡಿಯಾಯಿತು.

ಅಷ್ಟರಲ್ಲಿ ಸಂತ ರೋಸಾಳ ದಿನ ಬಂತು.

ನಮ್ಮ ಊರಿಗೆ ರೇಡಿಯೊ ಬಂದು ಆಗ ಮೂರನೇ ವರ್ಷ. ಔಷಧಿ ಅಂಗಡಿಯ ಡಾನ್ ಎರ್ಮೊಹೆನೆಸ್ ಬಾಕಾ ಅಂಗಡಿಯ ಪಕ್ಕದಲ್ಲಿ, ಅಡುಗೆಮನೆಗೆ ಅಂಟಿದ, ಚೌಕಕ್ಕೆ ಕಿಟಕಿಯಿದ್ದ ಕೋಣೆಯಲ್ಲಿ 'ರೇಡಿಯೊ ಕಪುಲಿ' ನಡೆಸುತ್ತಿದ್ದರು. ಪ್ರಸಾರ ಯಂತ್ರ ಹಿತ್ತಲ ಕೊಟ್ಟಿಗೆಯಲ್ಲಿತ್ತು. ಅಡುಗೆಮನೆಯಲ್ಲಿ ಸಾಕಿದ್ದ ಗಿನಿ ಇಲಿಗಳು ಕಿಚಕಿಚ ಎಂದಾಗ ಕೇಳುಗರು ಅದನ್ನು ದೂರದ ಚಿಂಬೊರಾಸೊ ಬೆಟ್ಟದ ಗಾಳಿಯ ಸದ್ದೆಂದು ತಿಳಿದು ಭಕ್ತಿಯಿಂದ ಕೇಳುತ್ತಿದ್ದರು. ಊರಿನಲ್ಲಿ ರೇಡಿಯೊ ಪೆಟ್ಟಿಗೆಗಳು ಕೆಲವೇ ಮನೆಗಳಲ್ಲಿ. ಮಿಕ್ಕವರಿಗೆಲ್ಲ ಅಂಗಡಿಯ ಬಾಗಿಲ ಮೇಲೆ ಕಟ್ಟಿದ ಧ್ವನಿವರ್ಧಕವೇ ಗತಿ. ಅದರ ಕೆಳಗೆ ಚೌಕ, ಚೌಕದ ತುಂಬ ಸಂತೆ.

ಸಂತರ ದಿನ ಬಂತೆಂದರೆ ಆ ಹೆಸರಿನವರಿಗೆ ರೇಡಿಯೊದಲ್ಲಿ ಹಾಡು ಅರ್ಪಿಸಬೇಕು. 'ಇಂಥವರಿಂದ ಇಂಥವರಿಗೆ ಪ್ರೀತಿಪೂರ್ವಕ' ಎಂದು ಹೆಸರು ಓದಿ, ಮೇಲೊಂದು ಪಸಿಲ್ಯೊ ನುಡಿಸಬೇಕು. ಪಸಿಲ್ಯೊ ಎಂದರೆ ನಮ್ಮವರು ಸಂತೋಷಕ್ಕೂ ಅಳುವ ನಿಧಾನದ ಹಾಡು. ಹೆಸರು ಬಿಟ್ಟುಹೋದರೆ ಮುಗಿಯಿತು, ಎರಡು ಮನೆಗಳ ನಡುವೆ ಮಾತಿಲ್ಲ ಕತೆಯಿಲ್ಲ. ಮದುವೆಗಳು ಮುರಿದದ್ದೂ ಉಂಟು. ನಮ್ಮಲ್ಲಿ ಒಂದು ಕಲ್ಲೆಸೆದರೆ ಮೂವರು ರೋಸಾಗಳಿಗೆ ತಗಲುತ್ತದೆ. ಹಾಗಾಗಿ ಆ ದಿನ ಬೆಳಗಿನಿಂದ ರಾತ್ರಿಯವರೆಗೆ ರೇಡಿಯೊದಲ್ಲಿ ರೋಸಾಗಳದೇ ರಾಜ್ಯ.

ಓದುವವನು ಲಿಬೊರಿಯೊ ಪಾಸ್ಮಿನ್ಯೊ. ಮೈಕಿನ ಮುಂದೆ ಬಿಷಪ್ಪರಿಗಿಂತ ಗಂಭೀರವಾದ ಕಂಠ. ಮೈಕಿನಿಂದ ಎದ್ದನೆಂದರೆ ಅಂಗಡಿಯಲ್ಲಿ ಉಪ್ಪು ಕೇಳಲೂ ಪಿಸುಗುಡುವ ಆಸಾಮಿ. ಗುಡುಗನ್ನು ಗುಬ್ಬಿಯೊಳಗೆ ತುರುಕಿದಂತಿದ್ದ. ಹಿಂದೆ ಅದೇ ಅಂಗಡಿಯ ಕಟ್ಟೆಯ ಹಿಂದೆ ಪುಡಿ ಪೊಟ್ಟಣ ಕಟ್ಟುತ್ತಿದ್ದಾಗ ಅವನೊಬ್ಬನಿದ್ದಾನೆಂದು ಯಾರಿಗೂ ತಿಳಿದಿರಲಿಲ್ಲ. ಮೈಕು ಹೋದರೆ ಮತ್ತೆ ಅದೇ ಕಟ್ಟೆ, ಅದೇ ಪೊಟ್ಟಣ. ಈ ಭಯ ಅವನಿಗೆ ಹಗಲೂ ಇತ್ತು, ಕನಸಿನಲ್ಲೂ ಇತ್ತು.

ಇನ್ನೊಂದು ವಿಷಯವೂ ಇತ್ತು. ದಿನಾ ನಸುಕಿನಲ್ಲಿ ಪ್ರಸಾರ ಶುರುಮಾಡುವ ಮುನ್ನ ಲಿಬೊರಿಯೊ ಮೂಲೆಯ ಒಲೆಯಿಂದ ಬಿಸಿ ರೊಟ್ಟಿ ತರುತ್ತಿದ್ದ. ಮೂರು ವರ್ಷದಲ್ಲಿ ರೋಸಾ ತಮಾಯೊಗೆ ಅವನು ಆಡಿದ ಮಾತೆಂದರೆ 'ನಮಸ್ಕಾರ' ಒಂದೇ. ಉಳಿದದ್ದನ್ನೆಲ್ಲ ರೊಟ್ಟಿಯ ಜೊತೆ ನುಂಗುತ್ತಿದ್ದ. ಊರಿಗೆಲ್ಲ ಗೊತ್ತಿತ್ತು. ರೋಸಾಗೂ ಗೊತ್ತಿದ್ದಿರಬೇಕು.

ಆ ಬೆಳಿಗ್ಗೆ ಆಲೂಗಡ್ಡೆ ಮಾರುವ ಮಿಕಾಯೆಲಾ ಸಂತೆಯ ಹೆಂಗಸರನ್ನೆಲ್ಲ ಬೆನ್ನಿಗಿಟ್ಟುಕೊಂಡು ಸೀದಾ ಮೈಕಿನ ಕೋಣೆಗೇ ನುಗ್ಗಿದಳು. ಸಂತೆಯವರೆಲ್ಲರ ಪರವಾಗಿ ರೋಸಾ ತಮಾಯೊಗೆ ಒಂದು ಪಸಿಲ್ಯೊ ಆಗಬೇಕೆಂದಳು. ಲಿಬೊರಿಯೊನ ಮುಖ ಹಿಂಡಿದ ನಿಂಬೆಯಂತಾಯಿತು. ಆಜ್ಞೆ ಇದೆಯಲ್ಲ ಅಕ್ಕ ಎಂದು ತೊದಲಿದ.

"ಆಜ್ಞೆ ಬಾಗಿಲಿಗೆ ಅಂಟ್ಸಿದ್ರು, ನಿನ್ ಬಾಯಿಗಲ್ಲ," ಎಂದಳು ಮಿಕಾಯೆಲಾ. "ಮೂರು ವರ್ಷದಿಂದ ಆಕೆ ರೊಟ್ಟಿ ತಿಂದಿದೀಯ. ಒಂದ್ಸಲ ಆಕೆ ಹೆಸರು ಹೇಳು ನೋಡೋಣ."

ಲಿಬೊರಿಯೊ ಡಾನ್ ಎರ್ಮೊಹೆನೆಸ್‌ರ ಬಳಿಗೆ ಓಡಿದ. ಅವರಿಗೆ ಪರವಾನಗಿಯ ಚಿಂತೆ. ಮುಖ್ಯಾಧಿಕಾರಿ ಮುನಿದರೆ ಕೊಟ್ಟಿಗೆಗೆ ಬೀಗ. ಸಂತೆಯ ಹೆಂಗಸರು ಮುನಿದರೆ ಅಂಗಡಿಗೆ ಗಿರಾಕಿಯಿಲ್ಲ. ಅವರು ಬಹಳ ಹೊತ್ತು ಕನ್ನಡಕ ಒರೆಸಿ, ಎಲ್ಲ ರೋಸಾಗಳನ್ನೂ ಓದು, ಆ ಒಬ್ಬಳನ್ನು ಮಾತ್ರ ಬಿಟ್ಟುಬಿಡು ಎಂದರು. ಮಾಲೀಕರೇ ಹೇಳಿದ ಮೇಲೆ ಲಿಬೊರಿಯೊಗೆ ಎದೆಯ ಭಾರ ಇಳಿಯಿತು. ಇಳಿದದ್ದು ನಾಚಿಕೆಯ ಮೇಲೆ ಕುಳಿತುಕೊಂಡಿತು, ಅಷ್ಟೇ.

ಹತ್ತು ಗಂಟೆಗೆ ಅರ್ಪಣೆ ಶುರುವಾಯಿತು. ಪಿಯಾನೊಗೆ ಡಾನ್ ಎರ್ಮೊಹೆನೆಸ್‌ರ ನಾದಿನಿ, ಸೆನ್ಯೊರಿತಾ ಕ್ಲೊರಿಂಡಾ. ಆಕೆಗೆ ಕಿವಿ ಸ್ವಲ್ಪ ಮಂದ. ಹೆಸರು ಕೇಳಿಸದಿದ್ದರೂ ಲಿಬೊರಿಯೊನ ತುಟಿ ನಿಂತೊಡನೆ ಬೆರಳು ಓಡಿಸುತ್ತಿದ್ದಳು. ಒಬ್ಬೊಬ್ಬಳೇ ರೋಸಾ ಸಾಗಿದಳು: ಮಕ್ಕಳಿಂದ ತಾಯಿ ರೋಸಾಗೆ, ಗಂಡನಿಂದ ಹೆಂಡತಿ ರೋಸಾಗೆ, ಹೆಸರು ಹೇಳಲಿಚ್ಛಿಸದ ಒಬ್ಬರಿಂದ ಗಿರಣಿಯ ರೋಸಾಗೆ. ಓದಿ ಓದಿ ಲಿಬೊರಿಯೊನ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳತೊಡಗಿತು. ಇಳಿಜಾರಿನಲ್ಲಿ ಬಿಟ್ಟ ಗಾಡಿಯಂತೆ ಅದು, "ಸಂತೆಯ ಎಲ್ಲ ಹೆಂಗಸರಿಂದ, ಪ್ರೀತಿಪೂರ್ವಕವಾಗಿ, ಡೋನ್ಯಾ..." ಎನ್ನುವವರೆಗೂ ಬಂದುಬಿಟ್ಟಿತು.

ಹೆಂಗಸರ ಹೆಸರಿಗೆ ಮುಂಚೆ ಗೌರವಕ್ಕೆ ಸೇರಿಸುವ ಆ 'ಡೋನ್ಯಾ'ದ ಬಳಿ ಅವನಿಗೆ ಎಚ್ಚರವಾಯಿತು. ಗಾಡಿ ನಿಂತಿತು. ರೇಡಿಯೊದಲ್ಲಿ ಮೌನ.

ನಮ್ಮ ಜನ ಭಾನುವಾರ ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ ಒಪ್ಪಿಸಿ ಬೆಳೆದವರು. ಪಾದ್ರಿಗಳು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿಂದ ಜನ ಒಕ್ಕೊರಲಿನಲ್ಲಿ ಮುಂದುವರಿಸಬೇಕು. ಅದು ತೊಟ್ಟಿಲಿನಿಂದ ಬಂದ ಅಭ್ಯಾಸ. ಗಂಭೀರವಾದ ಕಂಠವೊಂದು ಮೇಲಿನಿಂದ ಹೇಳುತ್ತಾ ಹೇಳುತ್ತಾ ನಿಂತರೆ ಇನ್ನೇನು ಮಾಡುತ್ತಾರೆ? ಧ್ವನಿವರ್ಧಕದ ಕೆಳಗಿದ್ದ ಇಡೀ ಚೌಕ ಟೋಪಿ ತೆಗೆದು, ಏಕಕಂಠದಲ್ಲಿ, "ರೋಸಾ ತಮಾಯೊ" ಎಂದಿತು. ಕೆಲವರು ರೂಢಿಯಂತೆ 'ಆಮೆನ್' ಕೂಡ ಸೇರಿಸಿದರು. ಕಿಟಕಿ ತೆರೆದಿತ್ತು. ಆ ಹೆಸರು ಕಿಟಕಿಯಿಂದ ಒಳಬಂದು ಮೈಕಿಗೆ ಹೊಕ್ಕು, ಕೊಟ್ಟಿಗೆಯ ಯಂತ್ರದಿಂದ ಹೊರಟು, ಬೆಟ್ಟದ ಆಚೆಯ ಊರುಗಳಿಗೂ ಹೋಯಿತು. ಗದ್ದಲಕ್ಕೆ ಬೆದರಿದ ಕ್ಲೊರಿಂಡಾ ಪಸಿಲ್ಯೊ ಬಿಟ್ಟು ರಾಷ್ಟ್ರಗೀತೆ ನುಡಿಸಿದಳು. ಜನ ನೆಟ್ಟಗೆ ನಿಂತು ಗೌರವ ಸಲ್ಲಿಸಿದರು.

ರಾಷ್ಟ್ರಗೀತೆ ಮುಗಿಯುವಷ್ಟರಲ್ಲಿ ದಫೇದಾರ ಚಿಲುಯಿಸಾ ಏದುಸಿರು ಬಿಡುತ್ತಾ ಬಂದ. ಒಳ್ಳೆಯ ಮನುಷ್ಯ, ಯಾರನ್ನಾದರೂ ಹಿಡಿಯಬೇಕಾದರೆ ಮೊದಲು ಅವರ ಮನೆಯವರ ಕ್ಷೇಮ ವಿಚಾರಿಸುತ್ತಿದ್ದ. ಹೆಸರು ಎತ್ತಿದವರು ಯಾರು ಎಂದು ಕೇಳಿದ. ನಾನಲ್ಲ, ಊರು ಎಂದ ಲಿಬೊರಿಯೊ. ದಫೇದಾರ ಕಿಟಕಿಯಿಂದ ಊರನ್ನು ಒಮ್ಮೆ ನೋಡಿದ.

"ಇಷ್ಟು ಜನಕ್ಕೆ ಠಾಣೇಲಿ ಜಾಗ ಇಲ್ಲ," ಎಂದು ತಲೆ ಕೆರೆದುಕೊಂಡು ವರದಿ ಒಪ್ಪಿಸಲು ಹೋದ.

ಎರಡನೇ ಆಜ್ಞೆ ಬಂತು. ಕಿಟಕಿ ಮುಚ್ಚಿ ಕಂಬಳಿ ಹೊಡೆಯಬೇಕು, ಒಳಗಿನ ಮಾತು ಒಳಗೆ, ಹೊರಗಿನದು ಹೊರಗೆ. ಮತ್ತು ರೇಡಿಯೊದಲ್ಲಿ ಮಾತಿನ ನಡುವೆ ಮೌನ ಇರಕೂಡದು. ಡಾನ್ ಎರ್ಮೊಹೆನೆಸ್ ಅಟ್ಟದಿಂದ ತಮ್ಮ ಅಜ್ಜನ ಕಾಲದ ಲ್ಯಾಮಾ ಉಣ್ಣೆಯ ಕಂಬಳಿಗಳನ್ನು ಇಳಿಸಿದರು. ಅವುಗಳ ಜೊತೆ ಅಜ್ಜನ ಕಾಲದ ಧೂಳೂ ಇಳಿಯಿತು.

ಹೆಂಗಸರು ಮಾತ್ರ ಅಂಗಡಿಯ ಬಾಗಿಲು ಬಿಡಲಿಲ್ಲ. ಹೆಸರು ಆಯಿತು, ಹಾಡು ಎಲ್ಲಿ ಎಂದು ಮಿಕಾಯೆಲಾ ಆಲೂಗಡ್ಡೆ ಮೂಟೆಯನ್ನು ಹೊಸ್ತಿಲಿಗೆ ಅಡ್ಡ ಹಾಕಿ ಕೂತಳು. ಒಳಗಿನ ಗಿರಾಕಿ ಒಳಗೆ, ಹೊರಗಿನವರು ಹೊರಗೆ. ಕೊನೆಗೆ ಡಾನ್ ಎರ್ಮೊಹೆನೆಸ್, ಹೆಸರಿಲ್ಲದೆ ಹಾಡೊಂದನ್ನು ಹಾಕಿಬಿಡು ಎಂದರು.

ಮಧ್ಯಾಹ್ನದ ಗಂಟೆ ಬಾರಿಸಿ, ಊರವರು ಗಡಿಯಾರ ತಿದ್ದಿಕೊಂಡ ಮೇಲೆ ಲಿಬೊರಿಯೊ ಉಸಿರು ಬಿಗಿಹಿಡಿದು ಹೊರಟ. ಮೌನಕ್ಕೆ ಎಡೆಯಿಲ್ಲದಂತೆ ಓದುವುದೆಂದರೆ ಉಸಿರಿಗೂ ಎಡೆಯಿಲ್ಲ. ಪ್ರೀತಿಪೂರ್ವಕ, ಹಾರ್ದಿಕ, ಗೌರವಪೂರ್ವಕ ಎಲ್ಲ ಒಂದಕ್ಕೊಂದು ಢಿಕ್ಕಿ ಹೊಡೆದುಕೊಂಡು ಓಡಿದವು. "ಸಂತೆಯ ಎಲ್ಲ ಹೆಂಗಸರಿಂದ ಅವರ ಮನಸ್ಸಿನಲ್ಲಿರುವ ಡೋನ್ಯಾ" ಎಂದು ಮುಂದೆ ಹಾರಬೇಕು, ಅಷ್ಟರಲ್ಲಿ ಕಂಬಳಿಯ ಧೂಳು ಗಂಟಲಿಗೆ ಹೊಕ್ಕಿತು. ಅವನು ಕೆಮ್ಮಿದ. ಸಣ್ಣ ಕೆಮ್ಮಲ್ಲ, ಆ ಕಂಠಕ್ಕೆ ತಕ್ಕ ಕೆಮ್ಮು. "ಗೆಹ್ಹೆಮ್" ಎಂದು ಅದು ಧ್ವನಿವರ್ಧಕದಿಂದ ಬಿದ್ದಾಗ ಪಾರಿವಾಳಗಳು ಇಗರ್ಜಿಯ ಗೋಪುರದಿಂದ ಎದ್ದವು. ಆಮೇಲೆ ಕ್ಲೊರಿಂಡಾಳ ಪಸಿಲ್ಯೊ ಶುರುವಾಯಿತು.

ಅದು ನಿಜವಾದ ಧೂಳಿನ ಕೆಮ್ಮು. ಈ ಮಾತನ್ನು ನಾನು ಆಣೆಯಿಟ್ಟು ಹೇಳಬಲ್ಲೆ. ಚೌಕದಲ್ಲಿ ಯಾರೂ ನಂಬಲಿಲ್ಲ. ಮಿಕಾಯೆಲಾ ಮೂಟೆಯ ಮೇಲಿಂದ ಎದ್ದು ನಿಂತು, "ಹೇಳ್ಬಿಟ್ಟ ನೋಡ್ರೇ, ಹೇಗ್ ಹೇಳ್ದ," ಎಂದು ಕಣ್ಣೊರೆಸಿಕೊಂಡಳು. ಆಮೇಲೆ ತಾನೂ ಮೂಲೆಯ ಒಲೆಯತ್ತ ತಿರುಗಿ ಗೌರವದಿಂದ ಒಮ್ಮೆ ಕೆಮ್ಮಿದಳು.

ಅಲ್ಲಿಂದ ಊರಿಗೆ ಕೆಮ್ಮು ಹತ್ತಿತು. ದಫೇದಾರ ಹಾದುಹೋದರೆ ಎಡಗಡೆಯಿಂದ ಒಂದು ಕೆಮ್ಮು, ಬಲಗಡೆಯಿಂದ ಒಂದು. ಕ್ಷೌರದ ಅಂಗಡಿಯಲ್ಲಿ ಕೆಮ್ಮು, ವಕೀಲರ ಮೆಟ್ಟಿಲ ಮೇಲೆ ಕೆಮ್ಮು. ಹತ್ತು ವರ್ಷದಿಂದ ಉಬ್ಬಸದಲ್ಲಿ ನರಳುತ್ತಿದ್ದ ಇಗರ್ಜಿಯ ಗಂಟೆಯವನನ್ನು ಜನ ಹೆಗಲ ಮೇಲೆ ಹೊತ್ತು, ಇಂಥ ಧೈರ್ಯಸ್ಥ ಇನ್ನೊಬ್ಬನಿಲ್ಲವೆಂದು ಕಬ್ಬಿನ ಸಾರಾಯಿ ಕುಡಿಸಿದರು. ಡಾನ್ ಎರ್ಮೊಹೆನೆಸ್‌ರ ಕೆಮ್ಮಿನ ಔಷಧಿ ಮಾತ್ರ ಒಂದು ಸೀಸೆಯೂ ಹೋಗಲಿಲ್ಲ. ಯಾರಿಗೂ ಗುಣವಾಗುವುದು ಬೇಕಿರಲಿಲ್ಲ.

ಒಳಗೆ ಕೂತಿದ್ದ ಲಿಬೊರಿಯೊಗೆ ಈ ಸುದ್ದಿಯನ್ನು ಕ್ಲೊರಿಂಡಾ ತಂದಳು. ಮೊದಲು ಅವನು ದಫೇದಾರ ಬಂದನೇ ಎಂದು ಬಾಗಿಲ ಕಡೆ ನೋಡಿದ. ಆಮೇಲೆ, ನಿಧಾನವಾಗಿ, ಅವನಿಗೆ ಹೊಸದೊಂದು ಅನುಭವವಾಯಿತು: ಬೆನ್ನು ನೆಟ್ಟಗಾಯಿತು. ಇಡೀ ಊರು ತನ್ನ ಗಂಟಲನ್ನು ನೋಡಿ ನಡೆಯುತ್ತಿದೆ. ಮೂರು ಗಂಟೆಗೆ ಸಂತೆಯ ಧಾರಣೆ ಓದುವಾಗ ಜೋಳಕ್ಕೂ ಬಾರ್ಲಿಗೂ ನಡುವೆ ಬೇಕೆಂದೇ ಒಮ್ಮೆ ಕೆಮ್ಮಿದ. ಚೌಕದ ಚಪ್ಪಾಳೆ ಕಂಬಳಿ ಸೀಳಿಕೊಂಡು ಒಳಬಂತು. ನಾಲ್ಕಕ್ಕೆ ಬೆಟ್ಟದ ಮನೆಗಳಿಗೆ ಸಂದೇಶ ಓದಿದ: ಹೇಸರಗತ್ತೆ ಸಿಕ್ಕಿದೆ ಬಂದು ಕರೆದುಕೊಂಡು ಹೋಗಿ, ಗೆಹ್ಹೆಮ್, ಅತ್ತೆಗೆ ಜ್ವರ ಇಳಿದಿದೆ, ಗೆಹ್ಹೆಮ್. ಐದಕ್ಕೆ ನಾಟಕ. ಕ್ಲೊರಿಂಡಾ ಕ್ಷಯದಿಂದ ಸಾಯುವ ರಾಜಕುಮಾರಿ, ಲಿಬೊರಿಯೊ ಆರೋಗ್ಯವಂತ ರಾಜಕುಮಾರ. ಅಂದು ಕ್ಷಯ ರಾಜಕುಮಾರನಿಗೇ ಬಂದಿತ್ತು.

ಮೂರನೇ ಆಜ್ಞೆ ತಂದಾಗ ದಫೇದಾರನ ಮುಖ ಬಾಡಿತ್ತು. ರೇಡಿಯೊದಲ್ಲಿ ಕೆಮ್ಮಕೂಡದು, ಚೌಕದಲ್ಲಿ ಕೆಮ್ಮಕೂಡದು. ಬೆಳಿಗ್ಗೆಯ ಲಿಬೊರಿಯೊ ಆಗಿದ್ದರೆ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಈ ಲಿಬೊರಿಯೊ ಕುರ್ಚಿಯಿಂದ ಏಳಲೂ ಇಲ್ಲ.

"ದಫೇದಾರರೇ, ನನಗೆ ಓದು ಬರುತ್ತೆ. ನನ್ನ ಗಂಟಲಿಗೆ ಬರಲ್ಲ. ಹೋಗಿ ಹಾಗೇ ಹೇಳಿ."

ಡಾನ್ ಎರ್ಮೊಹೆನೆಸ್ ಬಾಗಿಲಲ್ಲಿ ನಿಂತು ಶಿಲುಬೆಯ ಗುರುತು ಮಾಡಿಕೊಂಡರು. ನಾಳೆ ಕೊಟ್ಟಿಗೆಗೆ ಬೀಗ ಬಿದ್ದರೆ ನೀನು ಪೊಟ್ಟಣ ಕಟ್ಟುವುದಕ್ಕೂ ಬರಬೇಡ ಎಂದರು. ಕಟ್ಟೆಯ ಮಾತು ಕೇಳಿ ಲಿಬೊರಿಯೊಗೆ ಎಂದಿನಂತೆ ಎದೆ ಹಾರಬೇಕಿತ್ತು. ಹಾರಲಿಲ್ಲ. ಅದೇ ಅವನಿಗೆ ಹೆಚ್ಚು ಆಶ್ಚರ್ಯವಾಯಿತು.

ಇಂಥವನನ್ನು ಹೇಗೆ ಸರಿಮಾಡಬೇಕೆಂದು ತೋರಿಸಲು ಡಾನ್ ಎವಾರಿಸ್ಟೊ ಸಂಜೆ ತಾವೇ ಬಂದರು. ಅವರ ಹೆಂಡತಿಯ ಹೆಸರೂ ರೋಸಾ: ಡೋನ್ಯಾ ರೋಸಾ ಅದೆಲೈದಾ. ಆಕೆ ಮನೆಯಲ್ಲಿ ಅತಿಥಿಗಳನ್ನು ರೇಡಿಯೊ ಪೆಟ್ಟಿಗೆಯ ಸುತ್ತ ಕೂರಿಸಿಕೊಂಡು ಗಂಡನ ಅರ್ಪಣೆಗೆ ಕಾಯುತ್ತಿದ್ದಳು. ಅದನ್ನು ಡಾನ್ ಎವಾರಿಸ್ಟೊ ಸ್ವತಃ ಓದುವುದೆಂದು ನಿಶ್ಚಯವಾಗಿತ್ತು. ಬಿಳಿ ಕೈಗವಸು, ಎದೆಗೆ ಪಟ್ಟಿ. ಅವರು ಕೂತಾಗ ಕುರ್ಚಿ ನರಳಿತು.

ರೇಡಿಯೊದಲ್ಲಿ ಹೇಗೆ ಮಾತಾಡಬೇಕೆಂದು ಈ ಊರು ಈಗ ಕಲಿಯಲಿ ಎಂದು ಅವರು ಶುರುಮಾಡಿದರು. ಶಿಸ್ತಿನ ಬಗ್ಗೆ ಹೇಳಿದರು, ಗಂಟಲಿನ ಪ್ರಾಮಾಣಿಕತೆಯ ಬಗ್ಗೆ ಹೇಳಿದರು. ಮಾತು ರಂಗೇರಿದಾಗ ಕೈ ಬೀಸುವ ಅಭ್ಯಾಸ ಅವರಿಗೆ. ಕೈ ಹೋಗಿ ಬೆನ್ನ ಹಿಂದಿನ ಕಂಬಳಿಗೆ ಧಪ್ಪೆಂದು ಬಡಿಯಿತು. ಅವರು ಹೇಳುತ್ತಿದ್ದರು:

"ಈ ಹಾಡನ್ನು ನನ್ನ ಪ್ರಾಣಕ್ಕಿಂತ ಪ್ರಿಯಳಾದ, ನನ್ನ ಬದುಕಿನ ಬೆಳಕಾದ, ಹಗಲಿರುಳೂ ನನ್ನ ಮನಸ್ಸಿನಲ್ಲಿರುವ ಡೋನ್ಯಾ..."

ಮತ್ತು ಕೆಮ್ಮಿದರು. ಒಂದಲ್ಲ. ಅವರ ದೇಹಕ್ಕೆ ತಕ್ಕ ಹಾಗೆ, ಸಾಲು ಸಾಲಾಗಿ, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದರು. ಅದರ ನಡುವೆ ತುಟಿ ನಿಂತದ್ದನ್ನು ಕಂಡ ಕ್ಲೊರಿಂಡಾ, ಸಂತೆಯ ಹೆಂಗಸರು ಬೆಳಿಗ್ಗೆ ಕೇಳಿದ್ದ ಅದೇ ಪಸಿಲ್ಯೊವನ್ನು ಎತ್ತಿಕೊಂಡಳು.

ಚೌಕದಿಂದ ಎದ್ದ ಕೂಗು ಕಂಬಳಿಯನ್ನಷ್ಟೇ ಅಲ್ಲ, ಗೋಡೆಯನ್ನೂ ದಾಟಿ ಬಂತು. ನಾನು ಅಲ್ಲೇ ಇದ್ದೆ. ಟೋಪಿಗಳು ಹಾರಿದವು. ಮುಖ್ಯಾಧಿಕಾರಿಗೆ ಮೂಲೆಯ ಒಲೆಯ ಮೇಲೆ ಮೊದಲಿನಿಂದಲೂ ಮನಸ್ಸು, ಅದಕ್ಕೇ ಮೂರು ರೊಟ್ಟಿ ತೂಗಿಸಿದ್ದು ಎಂದು ಯಾರೋ ಹೇಳಿದರು, ಎಲ್ಲರೂ ಒಪ್ಪಿದರು. ಪುರಭವನದ ಪಕ್ಕದ ಮುಖ್ಯಾಧಿಕಾರಿಯ ಮನೆಯಲ್ಲಿ ರೇಡಿಯೊ ಪೆಟ್ಟಿಗೆ ಆರಿತು. ಆಮೇಲೆ ಪಿಂಗಾಣಿ ತಟ್ಟೆ ಒಡೆದ ಸದ್ದು ಕೇಳಿಸಿತು, ಒಂದಾದ ಮೇಲೊಂದು, ನಿಧಾನವಾಗಿ, ಆರಿಸಿ ಆರಿಸಿ ಒಡೆದಂತೆ.

ಡಾನ್ ಎವಾರಿಸ್ಟೊ ಕೈಗವಸು ಬಿಟ್ಟು ಮನೆಗೆ ಓಡಿದರು. ಓಡುವಾಗ ದಫೇದಾರನಿಗೆ ಹೇಳಿದ್ದು ಇಷ್ಟು: ಕೆಮ್ಮಿದವರನ್ನು ಇನ್ನು ಹಿಡಿಯಬೇಡ; ಆದರೆ ಆ ಹೆಸರು, ಹೆಸರಾಗಿ, ಈ ಲಿಬೊರಿಯೊನ ಬಾಯಿಂದ ಬಂದರೆ ಅಲ್ಲಿಂದಲೇ ಠಾಣೆಗೆ ನಡೆಸು. ದಫೇದಾರ ಮೂಲೆಯ ಸ್ಟೂಲಿನ ಮೇಲೆ ಕೂತ.

ಲಿಬೊರಿಯೊ ಗೆದ್ದಿದ್ದ. ಕೆಮ್ಮಿಗೆ ಶಿಕ್ಷೆಯಿಲ್ಲ, ಮೈಕು ಅವನದೇ. ಡಾನ್ ಎರ್ಮೊಹೆನೆಸ್ ಕೂಡ ಈಗ ಅವನ ಬೆನ್ನು ತಟ್ಟಿ, ನಾನು ಮೊದಲೇ ಹೇಳಿರಲಿಲ್ಲವೇ ಎಂದು ಏನನ್ನೋ ತಾವು ಹೇಳಿದ್ದಂತೆ ಹೇಳಿ ಹೊರಗೆ ಹೋದರು. ಆಗ ಅಡುಗೆಮನೆಯ ಬಾಗಿಲಿನಿಂದ ರೋಸಾ ತಮಾಯೊ ಬಂದಳು.

ಆಕೆಯ ಮೊಣಕೈವರೆಗೆ ಹಿಟ್ಟು. ಧನ್ಯವಾದ ಹೇಳಲು ಬಂದಳೆಂದು ಲಿಬೊರಿಯೊ ಎದ್ದು ನಿಂತು ಕುರ್ಚಿ ಸರಿಸಿದ. ಆಕೆ ಕೂರಲಿಲ್ಲ.

"ಬೆಳಿಗ್ಗೆಯಿಂದ ನನ್ನ ಅಂಗಡಿ ಮುಂದೆ ಊರಿಗೂರೇ ಕೆಮ್ತಿದೆ," ಎಂದಳು. ದನಿ ಏರಿಸಲಿಲ್ಲ. "ರೊಟ್ಟಿ ಮೇಲೆ ಕೆಮ್ತಾರೆ. ಕೆಮ್ಮಿ ನಗ್ತಾರೆ. ನನ್ನಪ್ಪ ನನಗೆ ಹೆಸರಿಟ್ಟಿದ್ದ, ಡಾನ್ ಲಿಬೊರಿಯೊ. ಅದು ಕೆಮ್ಮಲ್ಲ."

ಲಿಬೊರಿಯೊ, ಆಜ್ಞೆ ಇತ್ತು, ಅದಕ್ಕೆ ಉಪಾಯ ಮಾಡಬೇಕಾಯಿತು ಎಂಬಂಥದ್ದೇನನ್ನೋ ಪಿಸುಗುಟ್ಟಿದ.

"ಅವರು ನನ್ನ ಹೆಸರು ಅಳಿಸ್ಬೇಕು ಅಂದ್ರು. ಅವರ ಕೈಲಿ ಆಗ್ಲಿಲ್ಲ. ನೀವು ಅಳಿಸಿದ್ರಿ, ಅದರ ಜಾಗದಲ್ಲಿ ಕಫ ಇಟ್ರಿ. ಅವರ ಮುಖಕ್ಕೆ ನಾನು ಹೇಳೋದನ್ನ ಹೇಳಿದೀನಿ, ಹಗಲಲ್ಲಿ, ಸಂತೆ ಮಧ್ಯೆ. ನಿಮಗೆ ಇಂಥ ಗಂಟಲು ಕೊಟ್ಟಿದಾನಲ್ಲ ದೇವರು, ಯಾಕೆ ಅಂತ ಒಂದ್ಸಲ ಕೇಳ್ಕೊಳ್ಳಿ."

ಬಂದ ಬಾಗಿಲಿನಿಂದಲೇ ಹೊರಟುಹೋದಳು. ಗಿನಿ ಇಲಿಗಳು ಆಕೆಯ ದಾರಿಗೆ ಅಡ್ಡ ಬರದೆ ಗೋಡೆಗೆ ಅಂಟಿಕೊಂಡವು.

ಇನ್ನು ಮುಂದಿನದು ದಫೇದಾರ ಹೇಳಿದ್ದು. ಲಿಬೊರಿಯೊ ಸರಿಸಿದ್ದ ಕುರ್ಚಿಯನ್ನು ಮತ್ತೆ ಮೈಕಿನ ಮುಂದೆ ಇಟ್ಟನಂತೆ. ಕ್ಲೊರಿಂಡಾ ಪಿಯಾನೊ ಮುಚ್ಚಿ ಊಟಕ್ಕೆ ಎದ್ದಳು. ದಿನದ ಪ್ರಸಾರ ಮುಗಿಸುವ ವಂದನೆ ಹೇಳುವುದೊಂದು ಉಳಿದಿತ್ತು. ಅವನು ಕೂತು, ಕೊರಳಪಟ್ಟಿ ಸಡಿಲಿಸಿ, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ.

"ಇದು ರೇಡಿಯೊ ಕಪುಲಿ. ಮಾತಾಡ್ತಿರೋನು ಲಿಬೊರಿಯೊ ಪಾಸ್ಮಿನ್ಯೊ. ಇವತ್ತು ಬೆಳಿಗ್ಗೆಯಿಂದ ನಾನು ಒಂದು ಹೆಸರನ್ನ ಹೇಳದೇ ತಪ್ಪಿಸ್ಕೊಂಡೆ. ಆ ಹೆಸರು ರೋಸಾ ತಮಾಯೊ. ಚೌಕದ ಮೂಲೆ ಒಲೆಯ ರೋಸಾ ತಮಾಯೊ. ಆಕೆ ರೊಟ್ಟಿ ತೂಕ ಸರಿಯಿತ್ತು, ಆಕೆ ಮಾತೂ ಸರಿಯಿತ್ತು. ಈ ಆಜ್ಞೆ ಮಾತ್ರ ಸರಿಯಿಲ್ಲ. ಈ ಊರಲ್ಲಿ ಯಾರ ಹೆಸರನ್ನೂ ಯಾರೂ ಕಿತ್ಕೊಳ್ಳೋಕೆ ಆಗಲ್ಲ. ರೋಸಾ ತಮಾಯೊ, ನಿಮ್ಮ ದಿನದ ಶುಭಾಶಯ. ಇದು ಬೇರೆ ಯಾರಿಂದಲೂ ಅಲ್ಲ, ನನ್ನಿಂದ."

ಅಂಥ ಕಂಠವನ್ನು ತಾನು ಇಗರ್ಜಿಯಲ್ಲೂ ಕೇಳಿರಲಿಲ್ಲ ಎಂದ ದಫೇದಾರ. ಅವನ ಮೈಯ ಕೂದಲು ಎದ್ದು ನಿಂತವಂತೆ. ಅವನೂ ಎದ್ದು ನಿಂತ. ಟೋಪಿ ತೆಗೆದ. ತಾಯಿ ಹೇಗಿದ್ದಾರೆ ಎಂದು ವಿಚಾರಿಸಿದ. ಆಮೇಲೆ, ನಡೀರಿ ಡಾನ್ ಲಿಬೊರಿಯೊ, ಬೇರೆ ದಾರಿಯಿಲ್ಲ ಎಂದ. ಲಿಬೊರಿಯೊ ಮದುವೆಗೆ ಹೊರಟವನಂತೆ ಮುಂದೆ ನಡೆದ.

ಅಂಗಡಿಯ ಬಾಗಿಲು ತೆರೆದಾಗ ಚೌಕದಲ್ಲಿ ನಾವೆಲ್ಲ ಇದ್ದೆವು. ಜನ ತನ್ನನ್ನು ಎತ್ತಿಕೊಳ್ಳಬಹುದೆಂದೋ, ಕಡೇ ಪಕ್ಷ ಟೋಪಿ ತೆಗೆಯಬಹುದೆಂದೋ ಅವನು ಮುಖವೆತ್ತಿ ನೋಡಿದ. ನಾವು ಧ್ವನಿವರ್ಧಕವನ್ನು ನೋಡುತ್ತಿದ್ದೆವು. ಮಿಕಾಯೆಲಾ ಕೇಳಿದಳು: "ಏನಾಯ್ತಪ್ಪ ಇದಕ್ಕೆ? ಮುಖ್ಯಾಧಿಕಾರಿ ಕೆಮ್ಮಿ ಹಾಡು ಅರ್ಧ ಆಗಿತ್ತು, ಕರ್ರ್ ಅಂತ ನಿಂತೇಹೋಯ್ತು. ಆವಾಗಿಂದ ಉಸಿರೇ ಇಲ್ಲ."

ಲಿಬೊರಿಯೊನ ಬಾಯಿ ತೆರೆಯಿತು. ತಾನು ಹೇಳಿದೆನೆಂದು ಹೇಳಿದ. ಮೈಕಿಲ್ಲದ ಲಿಬೊರಿಯೊನ ಪಿಸುಮಾತು ಮೊದಲ ಸಾಲನ್ನೂ ದಾಟಲಿಲ್ಲ. ಮೊದಲ ಸಾಲಿನವರು, ಹೂಂ ಹೇಳಿದೆ ಮಗಾ, ನಾವೆಲ್ಲ ಕೇಳಿದ್ವಲ್ಲ, ಬೆಳಿಗ್ಗೆಯಿಂದ ಹೇಳ್ತಾನೇ ಇದೀಯ ಎಂದು ಸಮಾಧಾನ ಮಾಡಿದರು. ಕೆಮ್ಮಿದ್ದಕ್ಕೆ ಹಿಡಿದುಕೊಂಡು ಹೋಗುತ್ತಿದ್ದಾರೆಂದು ಊರಿಗೆ ಅನ್ನಿಸಿತು. ದಫೇದಾರನೂ ನಿಜ ಹೇಳುವಂತಿರಲಿಲ್ಲ. ಇವನು ಇಂಥ ಹೆಸರು ಎತ್ತಿದ ಎನ್ನಬೇಕಾದರೆ ಚೌಕದಲ್ಲಿ ಆ ಹೆಸರು ಎತ್ತಬೇಕಲ್ಲ. ಅವನ ವರದಿಯಲ್ಲೂ 'ಹೇಳಬಾರದ್ದನ್ನು ಹೇಳಿದ' ಎಂದಷ್ಟೇ ಇತ್ತು. ನಾವು ಠಾಣೆಯವರೆಗೂ ಎರಡೂ ಕಡೆ ಸಾಲಾಗಿ ನಿಂತು, ಮನಸಾರೆ ಕೆಮ್ಮಿ ಅವನನ್ನು ಬೀಳ್ಕೊಟ್ಟೆವು. ಅವನು ಅತ್ತ. ಅದು ಆನಂದಬಾಷ್ಪವೆಂದು ನಾವು ಇನ್ನೂ ಜೋರಾಗಿ ಕೆಮ್ಮಿದೆವು.

ಅವನು ಹೊರಬರುವಷ್ಟರಲ್ಲಿ ಮೈಕಿನ ಮುಂದೆ ಡಾನ್ ಎರ್ಮೊಹೆನೆಸ್‌ರ ಅಳಿಯ ಕೂತಿದ್ದ. ಲಿಬೊರಿಯೊ ಕಟ್ಟೆಯ ಹಿಂದೆ ಪೊಟ್ಟಣ ಕಟ್ಟಿದ. ಒಂದು ನಸುಕಿನಲ್ಲಿ ಧೈರ್ಯ ಮಾಡಿ ಮೂಲೆಯ ಒಲೆಗೆ ಹೋಗಿ, ಆ ದಿನ ಹೇಳಿದ್ದೆ ಎಂದನಂತೆ. ನನಗೆ ಕೇಳಿಸಲಿಲ್ಲವಲ್ಲ ಎಂದಳಂತೆ ರೋಸಾ, ಸಿಟ್ಟಿಲ್ಲದೆ. ಹಾಗಾದರೆ ಈಗ ಹೇಳಿ ಎಂದೂ ಕೇಳಿದಳಂತೆ. ಅವನು ಸುತ್ತಮುತ್ತ ನೋಡಿದ. ಅಲ್ಲಿ ಮೈಕಿರಲಿಲ್ಲ. ನಮಸ್ಕಾರ ಎಂದು ರೊಟ್ಟಿ ತೆಗೆದುಕೊಂಡು ಬಂದ.

ಆ ಸಂಜೆ ಕೊಟ್ಟಿಗೆಯ ಪ್ರಸಾರ ಯಂತ್ರವನ್ನು ಆರಿಸಿದವರು ಯಾರು ಎಂದು ಎಷ್ಟೋ ಜನರನ್ನು ಕೇಳಿದ್ದೇನೆ. ಡಾನ್ ಎರ್ಮೊಹೆನೆಸ್ ತಾವಲ್ಲವೆಂದು 'ಮಾತೆ ಮರಿಯಾ'ಳ ಮೇಲೆ ಆಣೆಯಿಟ್ಟರು. ಕ್ಲೊರಿಂಡಾಳಿಗೆ ನನ್ನ ಪ್ರಶ್ನೆ ಕೇಳಿಸಲಿಲ್ಲ. ದಫೇದಾರ ಚಿಲುಯಿಸಾ ಸಾಯುವ ವರ್ಷ ರೋಸಾಳ ಬಳಿಗೂ ಹೋಗಿ, ಲಿಬೊರಿಯೊ ಆಡಿದ ಮಾತುಗಳನ್ನೆಲ್ಲ ನೆನಪಿದ್ದಷ್ಟು ಒಪ್ಪಿಸಿದ್ದ. ಆಕೆ ಒಲೆಯ ಕೆಲಸ ನಿಲ್ಲಿಸದೆ ಪೂರ್ತಿ ಕೇಳಿದಳು ಎಂದು ನನಗೆ ಹೇಳಿದ. ನಂಬಿದಳೇ ಎಂದು ನಾನು ಕೇಳಿದೆ. ತನಗೆ ಗೊತ್ತಾಗಲಿಲ್ಲ ಎಂದ. ನನಗೂ ಗೊತ್ತಿಲ್ಲ.